ಮೊದಲ ವರ್ಷದ ಕೈಕಾಲಿನ ಆಟದಿಂದ ಮುಂದಿನ ಬೆಳವಣಿಗೆ ಎಷ್ಟು ಗೊತ್ತಾಗ್ತದೆ?

ಟೀಚರ್_ಬದಿಯಡ್ಕ

ಅಂಗನವಾಡಿಯಲ್ಲಿ ತಾಯಂದಿರು ಹೆಚ್ಚಾಗಿ ಕೇಳುವುದು ಇದನ್ನೇ: "ಪಕ್ಕದ ಮನೆಯ ಮಗು ನಾಲ್ಕು ತಿಂಗಳಿಗೇ ಕವುಚಿ ಬಿತ್ತು, ನಮ್ಮದು ಆರಾದರೂ ಇಲ್ಲ. ಮುಂದೆ ಶಾಲೆಗೆ ಹೋದಾಗ ಹಿಂದೆ ಬೀಳ್ತದಾ ಟೀಚರ್?" ಇದಕ್ಕೆ ಊರಲ್ಲಿ ಎರಡು ಉತ್ತರ ಸಿದ್ಧ ಉಂಟು. ಒಂದು, "ಇವನ ಅಪ್ಪನೂ ಹಾಗೇ, ತನ್ನಿಂದ ತಾನೇ ಸರಿಯಾಗ್ತದೆ." ಇನ್ನೊಂದು, "ಬೇಗ ನಡೆದ ಮಗು ಚುರುಕು." ಮೊದಲನೆಯದನ್ನು ನಂಬಿ ಕಾದು ಕೂತವರ ಮಕ್ಕಳು ಎರಡು ವರ್ಷ ಆದ ಮೇಲೆ ಆಸ್ಪತ್ರೆಗೆ ಹೋಗ್ತಾರೆ. ಎರಡನೆಯದನ್ನು ನಂಬಿದವರು ಆರನೇ ತಿಂಗಳಿಗೆ ವಾಕರ್ ತರಿಸ್ತಾರೆ.

ಯಾವ ವಯಸ್ಸಲ್ಲಿ ಯಾವ ಚಲನೆ ನೋಡಬೇಕು, ಅದು ಮುಂದಿನ ಯಾವುದಕ್ಕೆ ಸೂಚನೆ, ಯಾವುದಕ್ಕೆ ಅಲ್ಲ ಎಂಬುದನ್ನು ತಿಳಿದವರು ಇಲ್ಲಿ ಬರೆಯಬೇಕು. ಕನ್ನಡದಲ್ಲೇ ಬರೆಯಿರಿ, ನಮ್ಮ ಕಾಸರಗೋಡು ಕೇರಳದಲ್ಲಿ ಇರುವುದರಿಂದ ನಮಗೆ ಬರುವ ಚಾರ್ಟೆಲ್ಲ ಮಲಯಾಳದಲ್ಲಿ.

ಶಿಶುವೈದ್ಯ_ಕುಂಬಳೆ

ಟೀಚರ್, ಮೊದಲು ಅಂಕಿ ಹೇಳ್ತೇನೆ, ಯಾಕೆಂದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಚಲನೆಯ ಅವಧಿಗಳನ್ನು ಪ್ರಕಟಿಸಿತು. ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳು. ಹಿಡಿದು ನಿಲ್ಲುವುದು 4.8ರಿಂದ 11.4. ಕೈ ಮತ್ತು ಮೊಣಕಾಲಿನ ಮೇಲೆ ಅಂಬೆಗಾಲು 5.2ರಿಂದ 13.5. ಹಿಡಿದು ನಡೆಯುವುದು 5.9ರಿಂದ 13.7. ಒಬ್ಬನೇ ನಿಲ್ಲುವುದು 6.9ರಿಂದ 16.9. ಒಬ್ಬನೇ ನಡೆಯುವುದು 8.2ರಿಂದ 17.6. ನೂರು ಆರೋಗ್ಯವಂತ ಮಕ್ಕಳಲ್ಲಿ ಒಂದನೆಯದರಿಂದ ತೊಂಬತ್ತೊಂಬತ್ತನೆಯದರವರೆಗೆ ಹಿಡಿಯುವಷ್ಟು ಅಗಲದ ಕಿಟಕಿ ಇದು. ಹತ್ತು ತಿಂಗಳಿಗೆ ನಡೆದ ಮಗುವೂ ಹದಿನಾರಕ್ಕೆ ನಡೆದ ಮಗುವೂ ಇದರೊಳಗೇ ಇದ್ದಾರೆ.

ಈ ಕಿಟಕಿಯ ಒಳಗೆ ಬೇಗ ನಡೆದದ್ದಕ್ಕೂ ಮುಂದಿನ ಬುದ್ಧಿಗೂ ಸಂಬಂಧ ಉಂಟಾ? ಜ್ಯೂರಿಕ್‌ನಲ್ಲಿ ಆರೋಗ್ಯವಂತ ಮಕ್ಕಳನ್ನು ಹುಟ್ಟಿನಿಂದ 18 ವರ್ಷದವರೆಗೆ ಹಿಂಬಾಲಿಸಿ 2013ರಲ್ಲಿ ವರದಿ ಬಂತು. ಕೂತ, ನಡೆದ ವಯಸ್ಸಿನಿಂದ ಶಾಲಾ ವಯಸ್ಸಿನ ಬುದ್ಧಿಮತ್ತೆಯನ್ನು ಹೇಳಲಿಕ್ಕೆ ಆಗುವುದಿಲ್ಲ ಎಂದೇ ಅವರು ಕಂಡದ್ದು. ಉತ್ತರ ಫಿನ್ಲೆಂಡಿನಲ್ಲಿ 1966ರಲ್ಲಿ ಹುಟ್ಟಿದವರ ದೊಡ್ಡ ಗುಂಪಿನಲ್ಲಿ ಮಾತ್ರ, ಬೇಗ ನಿಂತವರು ದೊಡ್ಡವರಾದ ಮೇಲೆ ಕೆಲವು ಯೋಚನಾ ಪರೀಕ್ಷೆಗಳಲ್ಲಿ ತುಸು ಮುಂದಿದ್ದರು. ಆ ವ್ಯತ್ಯಾಸ ಗುಂಪಿನ ಸರಾಸರಿಯಲ್ಲಿ ಕಾಣುವಂಥದ್ದು. ನಿಮ್ಮ ಎದುರು ಕೂತ ಒಂದು ಮಗುವಿನ ಭವಿಷ್ಯ ಹೇಳಲಿಕ್ಕೆ ಅದು ಸಾಲದು.

ಆದರೆ ಕಿಟಕಿಯ ಹೊರಗೆ ಬಿದ್ದ ಮಗು, ಕಲಿತದ್ದನ್ನು ಬಿಟ್ಟ ಮಗು, ಒಂದು ಬದಿ ಮಾತ್ರ ಆಡಿಸುವ ಮಗು ಬೇರೆಯೇ ವಿಷಯ. ಅಲ್ಲಿ ಒಂದು ತಿಂಗಳೂ ಕಾಯಬಾರದು. ತಿಂಗಳ ಪಟ್ಟಿಗೆ ಟಿಕ್ ಹಾಕುವುದರ ಜೊತೆಗೆ ಚಲನೆ ಯಾವ ತರ ಉಂಟು ಎಂದು ನೋಡುವುದನ್ನು ಕಲಿತರೆ, ಟೀಚರ್, ನಿಮ್ಮ ಕಣ್ಣಿಗೆ ನಮ್ಮ ಯಂತ್ರಗಳಿಗಿಂತ ಮೊದಲೇ ಗೊತ್ತಾಗುತ್ತದೆ.

ಮಕ್ಕಳ_ಫಿಸಿಯೋ_ಕಾಞಂಗಾಡು

"ಯಾವ ತರ" ಎಂಬ ಮಾತನ್ನು ಬಿಡಿಸಿ ಹೇಳ್ತೇನೆ. ಅತಿ ಮುಖ್ಯವಾದ ಅವಧಿ ಮಗು ಕವುಚಿ ಬೀಳುವುದಕ್ಕಿಂತ ಮೊದಲೇ ಮುಗಿದು ಹೋಗ್ತದೆ.

ಪ್ರೆಖ್ಟ್ಲ್ ಎಂಬ ವೈದ್ಯರು ಶಿಶುಗಳು ಸುಮ್ಮನೆ ಅಂಗಾತ ಮಲಗಿದ್ದಾಗ ತಾವಾಗಿ ಮಾಡುವ ಚಲನೆಗಳನ್ನು ವರ್ಷಗಟ್ಟಲೆ ವಿಡಿಯೋ ಮಾಡಿ ನೋಡಿದರು. ಹುಟ್ಟಿದ ಮೊದಲ ಆರೆಂಟು ವಾರ ಮಗುವಿನ ಇಡೀ ಮೈ ನಿಧಾನವಾಗಿ ಹೊರಳಾಡಿದ ಹಾಗೆ ಅಲುಗುತ್ತದೆ. ಸುಮಾರು ಒಂಬತ್ತನೇ ವಾರದಿಂದ ಇಪ್ಪತ್ತನೇ ವಾರದವರೆಗೆ ಬೇರೆ ತರದ್ದು ಬರುತ್ತದೆ: ಸಣ್ಣ ಸಣ್ಣ, ಮಧ್ಯಮ ವೇಗದ, ಎಲ್ಲ ದಿಕ್ಕಿಗೂ ತಿರುಗುವ ಚಲನೆ. ಕುತ್ತಿಗೆ, ಭುಜ, ಮಣಿಕಟ್ಟು, ಸೊಂಟ, ಪಾದದ ಗಂಟು ಎಲ್ಲ ಕಡೆ. ಹತ್ತಿರ ಕೂತು ನೋಡಿದರೆ ಮಣಿಕಟ್ಟು ಒಮ್ಮೆ ಒಳಗೆ ಒಮ್ಮೆ ಹೊರಗೆ ತಿರುಗಿ, ಅಷ್ಟರಲ್ಲಿ ಆಚೆ ಪಾದ ಸಣ್ಣದೊಂದು ಸುತ್ತು ಹಾಕಿ, ಕುತ್ತಿಗೆ ಮೆಲ್ಲ ಹೊರಳಿ, ಹೀಗೆ ಒಂದಾದ ಮೇಲೆ ಒಂದು ನಡೀತಾ ಇರ್ತದೆ. ಒಂದೇ ತರ ಎರಡು ಸಲ ಬರುವುದಿಲ್ಲ. ಮಗು ಜೋರಾಗಿ ಕಾಲು ಒದೆಯುವುದು ಇದಲ್ಲ, ಆ ಒದೆತಗಳ ನಡುವೆ ಕಾಣುವುದು ಇದು.

ಈ ಸಣ್ಣ ಚಲನೆ ಆ ಅವಧಿಯಲ್ಲಿ ಕಾಣದೇ ಹೋದರೆ ಮಗುವಿಗೆ ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗೆ ಆದ ಹಾನಿಯಿಂದ ಮೈಯ ಚಲನೆ ಕೆಡುವ ಸ್ಥಿತಿ) ಬರುವ ಸಾಧ್ಯತೆ ಬಹಳ ಹೆಚ್ಚು. ಇದ್ದರೆ ಆ ಭಯ ಬಹಳ ಮಟ್ಟಿಗೆ ದೂರ. 1997ರಲ್ಲೇ ಇದು ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2017ರಲ್ಲಿ ಬಂದ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ಮಗುವಿಗೆ ಐದು ತಿಂಗಳು ತುಂಬುವ ಮೊದಲು ಪಾಲ್ಸಿ ಗುರುತಿಸಲು ಹೇಳಿದ ಮೂರು ಸಾಧನಗಳಲ್ಲಿ ಇದು ಒಂದು. ಉಳಿದವು ಮಿದುಳಿನ ಎಂಆರ್‌ಐ ಮತ್ತು ಹ್ಯಾಮರ್‌ಸ್ಮಿತ್ ಎಂಬ 26 ಅಂಶಗಳ ನರಪರೀಕ್ಷೆ. ಹ್ಯಾಮರ್‌ಸ್ಮಿತ್‌ನಲ್ಲಿ ಗರಿಷ್ಠ 78 ಅಂಕ, ಎರಡು ತಿಂಗಳಿಂದ ಎರಡು ವರ್ಷದವರೆಗೆ ಮಾಡಬಹುದು, ಆಟಿಕೆ ಬಿಟ್ಟರೆ ಬೇರೆ ಸಾಮಾನು ಬೇಡ.

ವಿಡಿಯೋ ನೋಡಿ ತೀರ್ಮಾನ ಹೇಳಲಿಕ್ಕೆ ತರಬೇತಿ ಬೇಕು, ಮನೆಯವರೇ ನೋಡಿ ಹೇಳಬಾರದು. ಆದರೆ ವಿಡಿಯೋ ತೆಗೆಯುವುದು ಯಾರಿಂದಲೂ ಆಗ್ತದೆ. ಮಗುವಿಗೆ ಹಾಲು ಕೊಟ್ಟು ಮುಕ್ಕಾಲು ಗಂಟೆ ಕಳೆದಿರಲಿ, ಎಚ್ಚರ ಇರಲಿ, ಅಳುತ್ತಾ ಇರಬಾರದು, ಬಿಕ್ಕಳಿಕೆ ಇರಬಾರದು. ತೋಳು ಮತ್ತು ಕಾಲು ಕಾಣುವ ಹಾಗೆ ತೆಳ್ಳಗಿನ ಬನಿಯನ್, ಲಂಗೋಟಿ ಅಷ್ಟೇ. ಸಾಕ್ಸ್, ಕೈಗವಸು ತೆಗೆಯಿರಿ. ಚಾಪೆಯ ಮೇಲೆ ಒಂದೇ ಬಣ್ಣದ ಬೆಡ್‌ಶೀಟು ಹಾಸಿ ಅಂಗಾತ ಮಲಗಿಸಿ. ಹೂವಿನ ಚಿತ್ತಾರದ ಹಾಸು ಬೇಡ, ಬೆರಳು ಕಾಣುವುದಿಲ್ಲ. ಫೋನನ್ನು ಅಡ್ಡ ಹಿಡಿದು ಮಗುವಿನ ಪಾದದ ಕಡೆಯಿಂದ, ಸ್ವಲ್ಪ ಮೇಲಿನಿಂದ, ತಲೆಯಿಂದ ಕಾಲಿನವರೆಗೆ ಪೂರ್ತಿ ಬರುವ ಹಾಗೆ ಮೂರರಿಂದ ಐದು ನಿಮಿಷ. ಮಾತಾಡಿಸಬೇಡಿ, ಗಿಲಕಿ ಆಡಿಸಬೇಡಿ, ಬಾಯಿಗೆ ನಿಪ್ಪಲ್ ಕೊಡಬೇಡಿ. ತಾಯಿಯ ಮುಖ ಕಂಡರೆ ಮಗು ಅತ್ತಲೇ ನೋಡಿ ಚಲನೆ ನಿಲ್ಲಿಸ್ತದೆ. ವಿಡಿಯೋ ಹಾಳಾಗುವುದು ಹೆಚ್ಚಾಗಿ ಇದೇ ಕಾರಣಕ್ಕೆ: ಹಿಂದಿನಿಂದ ಅಜ್ಜಿ "ಚಿನ್ನೂ, ಇಲ್ಲಿ ನೋಡು" ಅಂತ ಕರೆಯುವುದು.

ಆಶಾ_ಪೈವಳಿಕೆ

ಇದು ಒಂಬತ್ತರಿಂದ ಇಪ್ಪತ್ತು ವಾರ ಅಂದರೆ ನಮ್ಮ ಚುಚ್ಚುಮದ್ದಿನ ದಿನಗಳೇ ಆಯ್ತಲ್ಲ. ಆರು, ಹತ್ತು, ಹದಿನಾಲ್ಕು ವಾರ. ಹತ್ತು ಮತ್ತು ಹದಿನಾಲ್ಕು ಎರಡೂ ಒಳಗೇ ಬಂತು. ಸಬ್‌ಸೆಂಟರಿಗೆ ಎಲ್ಲ ಮಕ್ಕಳೂ ಬರ್ತಾರೆ, ಆ ದಿನ ಅಲ್ಲೇ ತೆಗೆಯಬಹುದಾ?

ಮಕ್ಕಳ_ಫಿಸಿಯೋ_ಕಾಞಂಗಾಡು

ಅಕ್ಕ, ಲೆಕ್ಕ ಸರಿಯಾಗಿ ಹಿಡಿದಿರಿ. ಆದರೆ ಸೂಜಿ ಚುಚ್ಚಿದ ಮೇಲೆ ಬೇಡ. ಅತ್ತು ಸುಸ್ತಾಗಿರ್ತದೆ, ಸಂಜೆಗೆ ಜ್ವರವೂ ಬರಬಹುದು, ಆ ಎರಡು ದಿನದ ಚಲನೆ ನಂಬುವ ಹಾಗಿಲ್ಲ. ಚುಚ್ಚುಮದ್ದಿನ ಹಿಂದಿನ ದಿನ ಮನೆಯಲ್ಲೇ ತೆಗೆದಿಡಲು ಹೇಳಿ, ಬರುವಾಗ ಫೋನಲ್ಲಿ ಇರಲಿ. ಅತ್ಯುತ್ತಮ ವಾರ ಹನ್ನೆರಡರಿಂದ ಹದಿನಾರು. ಎಲ್ಲ ಮಕ್ಕಳಿಗೂ ಬೇಕೆಂದಿಲ್ಲ. ಎನ್‌ಐಸಿಯುವಿನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದ, ತೂಕ ಕಡಿಮೆ ಇದ್ದ, ಹುಟ್ಟಿದಾಗ ಅಳದ, ಹುಟ್ಟಿದ ವಾರದಲ್ಲೇ ಫಿಟ್ಸ್ ಬಂದ, ಹಳದಿ ಕಾಮಾಲೆ ತುಂಬ ಏರಿದ ಮಕ್ಕಳಿಗೆ ಮೊದಲು ಮಾಡಿಸಿ.

ಶಿಶುವೈದ್ಯ_ಕುಂಬಳೆ

ಅವಧಿಗೆ ಮೊದಲೇ ಹುಟ್ಟಿದವರ ವಯಸ್ಸಿನ ಲೆಕ್ಕದಲ್ಲಿ ತಪ್ಪು ಬಹಳ ಆಗುತ್ತದೆ, ಅದನ್ನು ಇಲ್ಲೇ ಸೇರಿಸ್ತೇನೆ. 32 ವಾರಕ್ಕೆ ಹುಟ್ಟಿದ ಮಗು 40ಕ್ಕೆ ಎಂಟು ವಾರ ಕಡಿಮೆ. ಕ್ಯಾಲೆಂಡರಿನಲ್ಲಿ ಆರು ತಿಂಗಳಾದಾಗ ಅದರ ತಿದ್ದಿದ ವಯಸ್ಸು ಸುಮಾರು ನಾಲ್ಕು ತಿಂಗಳು. ಕತ್ತು ನಿಲ್ಲುವುದು, ಕೂರುವುದು, ನಡೆಯುವುದು ಎಲ್ಲವನ್ನೂ ಎರಡು ವರ್ಷದವರೆಗೆ ತಿದ್ದಿದ ವಯಸ್ಸಿಗೇ ಹೋಲಿಸಬೇಕು. ವಿಡಿಯೋದ ಹನ್ನೆರಡು ವಾರವೂ ತಿದ್ದಿದ್ದೇ. ಚುಚ್ಚುಮದ್ದು ಮಾತ್ರ ಹುಟ್ಟಿದ ತಾರೀಕಿಗೆ ಕೊಡುವುದು, ಅದನ್ನು ಮುಂದೆ ಹಾಕಬಾರದು. ಈ ಎರಡು ಲೆಕ್ಕ ಒಂದೇ ಕಾರ್ಡಿನಲ್ಲಿ ಇರುವುದರಿಂದಲೇ ಗೊಂದಲ. ಕಾರ್ಡಿನ ಮೇಲ್ಭಾಗದಲ್ಲಿ "8 ವಾರ ಕಳೆಯಿರಿ" ಎಂದು ಕೆಂಪು ಪೆನ್ನಲ್ಲಿ ಬರೆದಿಟ್ಟರೆ ಮುಂದೆ ನೋಡುವವರೆಲ್ಲರಿಗೂ ಉಪಕಾರ.

ಬೆಳವಣಿಗೆ_ಓದು

ಅಂಬೆಗಾಲಿನ ಬಗ್ಗೆ ಒಂದು ಮಾತು ವಾಟ್ಸಾಪಿನಲ್ಲಿ ಓಡಾಡ್ತಾ ಉಂಟು: ಅಂಬೆಗಾಲು ಇಡದೆ ನೇರ ನಡೆದ ಮಗುವಿಗೆ ಮುಂದೆ ಓದು ಬರಹ ಕಷ್ಟ, ಮಿದುಳಿನ ಎರಡು ಬದಿ ಬೆಸೆಯುವುದಿಲ್ಲ ಎಂದು. ಇದಕ್ಕೆ ಗಟ್ಟಿ ಆಧಾರ ಇಲ್ಲ. ಡಾಕ್ಟರು ಹೇಳಿದ ಅದೇ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ನೂರಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚು ಮಕ್ಕಳು ಅಂಬೆಗಾಲು ಇಟ್ಟೇ ಇರಲಿಲ್ಲ, ಅವರೆಲ್ಲ ಆರೋಗ್ಯವಂತರೇ. ಅಂಡು ಎಳೆದುಕೊಂಡು ಹೋಗುವ ಮಕ್ಕಳೂ ಇದ್ದಾರೆ. ಅದು ಕೆಲವು ಕುಟುಂಬಗಳಲ್ಲೇ ಬರುವ ಗುಣ, ಅಂಥವರು ನಡೆಯುವುದು ಸಾಮಾನ್ಯವಾಗಿ ತಡ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ತನ್ನ ಮೈಲಿಗಲ್ಲುಗಳ ಪಟ್ಟಿ ಪರಿಷ್ಕರಿಸಿದಾಗ ಅಂಬೆಗಾಲನ್ನೇ ತೆಗೆದುಹಾಕಿತು.

ಮಕ್ಕಳ_ಫಿಸಿಯೋ_ಕಾಞಂಗಾಡು

ಪಟ್ಟಿಯಿಂದ ತೆಗೆದದ್ದು ನನಗೆ ಒಪ್ಪಿಗೆ ಇಲ್ಲ. ಅಂಬೆಗಾಲು ಇಡಲಿಲ್ಲ ಎಂಬುದು ದೋಷ ಅಲ್ಲ, ಸರಿ. ಆದರೆ ಅಂಬೆಗಾಲು ಇಡುವ ಮಗು ಹೇಗೆ ಇಡ್ತದೆ ಎಂಬುದು ಎರಡು ಬದಿಯನ್ನೂ ಒಟ್ಟಿಗೆ ತೋರಿಸುವ ಕನ್ನಡಿ. ಒಂದು ಕೈ ಚಾಪೆಯ ಮೇಲೆ ಅಗಲವಾಗಿ ಬಿಚ್ಚಿ ಊರಿ, ಇನ್ನೊಂದು ಕೈ ಮುಷ್ಟಿ ಬಿಗಿದು ಎಳೆದುಕೊಂಡು ಬಂದರೆ ನಾನು ಆ ದಿನವೇ ಪರೀಕ್ಷೆಗೆ ಕಳಿಸ್ತೇನೆ. ಪಟ್ಟಿಯಲ್ಲಿ ಇಲ್ಲದ್ದನ್ನು ಯಾರೂ ಕೇಳುವುದಿಲ್ಲ, ಕೇಳದಿದ್ದರೆ ತಾಯಿ ಹೇಳುವುದಿಲ್ಲ.

ಅದೇ ಸಾಲಿನಲ್ಲಿ, ಹೊಗಳಿಕೆಯ ವೇಷದಲ್ಲಿ ಬರುವ ಸೂಚನೆಗಳು ಉಂಟು. "ನಮ್ಮ ಮಗು ಈಗಲೇ ಬಲಗೈ ಬಂಟ, ಎಡಗೈ ಮುಟ್ಟುವುದೇ ಇಲ್ಲ" ಎಂದು ಎಂಟು ತಿಂಗಳಿಗೆ ಹೇಳಿದರೆ ಸಂತೋಷ ಪಡಬೇಡಿ. ಒಂದು ವರ್ಷಕ್ಕೆ ಮೊದಲು ಒಂದೇ ಕೈ ಬಳಸುವುದೆಂದರೆ ಇನ್ನೊಂದು ಕೈ ದುರ್ಬಲ ಎಂದು ಮೊದಲು ಸಂಶಯ ಪಡಬೇಕು. "ಎಷ್ಟು ಗಟ್ಟಿ ಮಗು ನೋಡಿ, ಎರಡು ತಿಂಗಳಿಗೇ ಕಾಲು ಊರಿ ನಿಲ್ತದೆ" ಎಂದರೆ ಕಾಲಿನ ಸ್ನಾಯು ಸೆಟೆದಿದೆಯೋ ನೋಡಿ. ಲಂಗೋಟಿ ಬದಲಿಸುವಾಗ ತೊಡೆ ಬಿಡಿಸಲು ಕಷ್ಟವಾಗ್ತದಾ, ಎತ್ತಿದರೆ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಬರ್ತದಾ ಎಂದು ಕೇಳಿ. ಎರಡು ತಿಂಗಳಿಗೇ ಕವುಚಿ ಬೀಳುವುದೂ ಹಾಗೇ: ಮೊದಲು ಭುಜ ತಿರುಗಿ ಆಮೇಲೆ ಸೊಂಟ ತಿರುಗಿದರೆ ಸಹಜ, ಮರದ ತುಂಡಿನ ಹಾಗೆ ಇಡೀ ಮೈ ಬೆನ್ನು ಬಾಗಿಸಿ ಒಟ್ಟಿಗೆ ಹೊರಳಿದರೆ ಬಿಗಿತ. ಇದಕ್ಕೆ ವಿರುದ್ಧವಾದದ್ದು ಸಡಿಲ ಮಗು. ಕಂಕುಳಿಗೆ ಕೈ ಹಾಕಿ ಎತ್ತಿದರೆ ಕೈಯೊಳಗಿಂದ ಜಾರುತ್ತದೆ, ಮಲಗಿಸಿದರೆ ಕಾಲು ಕಪ್ಪೆಯ ಹಾಗೆ ಅಗಲ ಬಿದ್ದಿರುತ್ತದೆ.

ನಾಲ್ಕು ತಿಂಗಳಿಗೆ ಒಂದು ಸುಲಭ ಪರೀಕ್ಷೆ. ಅಂಗಾತ ಮಲಗಿದ ಮಗುವಿನ ಎರಡೂ ಕೈ ಹಿಡಿದು ಮೆಲ್ಲ ಎಬ್ಬಿಸಿ. ತಲೆ ಮೈಯ ಜೊತೆಗೇ ಬರಬೇಕು. ಹಿಂದಕ್ಕೆ ಜೋತು ಬಿದ್ದರೆ ಎರಡು ವಾರ ದಿನವೂ ಬೋರಲು ಮಲಗಿಸಿ ಆಡಿಸಿ ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಕಳಿಸಿ. ಎಳೆಯುವುದು ಮೆಲ್ಲಗೆ, ಝಾಡಿಸುವ ಹಾಗೆ ಅಲ್ಲ.

ಮಾತು_ಕಿವಿ_ಮಂಜೇಶ್ವರ

ಮಾತಿನ ಬದಿಯಿಂದ. ಚಲನೆಗೂ ಮಾತಿಗೂ ಸಂಬಂಧ ಇರುವುದು "ಬೇಗ ನಡೆದರೆ ಬೇಗ ಮಾತು" ಎಂಬ ಸರಳ ಲೆಕ್ಕದಲ್ಲಿ ಅಲ್ಲ. ಹೊಸ ಚಲನೆ ಮಗುವಿಗೆ ಹೊಸ ಅವಕಾಶ ತೆರೆಯುತ್ತದೆ, ಆ ಅವಕಾಶದಲ್ಲಿ ಮಾತು ಬೆಳೆಯುತ್ತದೆ.

ಸುಮಾರು ಆರೇಳು ತಿಂಗಳಿಗೆ ಮಗು ಗಿಲಕಿಯನ್ನು ತಾಳಕ್ಕೆ ಆಡಿಸಲು, ಕೈಯಿಂದ ನೆಲ ಬಡಿಯಲು ಶುರು ಮಾಡುತ್ತದೆ. "ಬಬಬ", "ದದದ" ಶುರುವಾಗುವುದೂ ಆ ಆಸುಪಾಸಿನಲ್ಲೇ. ಕೈಯ ತಾಳ ಮತ್ತು ಬಾಯಿಯ ತಾಳ ಜೊತೆಜೊತೆಗೆ ಬರುತ್ತವೆ. ಕೂರಲು ಕಲಿತ ಮಗುವಿನ ಎರಡೂ ಕೈ ಬಿಡುವು. ಲೋಟ ಹಿಡಿದು ತಿರುಗಿಸಿ, ಬಾಯಿಗಿಟ್ಟು, ಇನ್ನೊಂದು ಕೈಗೆ ದಾಟಿಸಿ ನೋಡ್ತದೆ. ಅಮ್ಮ "ಲೋಟ" ಎಂದಾಗ ವಸ್ತು ಎದುರೇ ಇರುತ್ತದೆ. ಅಂಬೆಗಾಲಿನ ಮಗುವಿನ ಕಣ್ಣಿಗೆ ಹೆಚ್ಚಾಗಿ ಕಾಣುವುದು ನೆಲ, ನಡೆಯುವ ಮಗುವಿಗೆ ಇಡೀ ಕೋಣೆ, ಎದುರಿನವರ ಮುಖ. ಮಕ್ಕಳ ತಲೆಗೆ ಸಣ್ಣ ಕ್ಯಾಮರಾ ಕಟ್ಟಿ ಇದನ್ನು ಅಳೆದಿದ್ದಾರೆ. ನಡೆಯುವ ಮಗು ವಸ್ತುವನ್ನು ಹೊತ್ತು ತಂದು ನಿಮ್ಮ ಎದುರು ಹಿಡಿಯುತ್ತದೆ. ನೀವು "ಹೋ, ಸೌಟು ತಂದೆಯಾ, ಅಜ್ಜಿಗೆ ಕೊಡು" ಎನ್ನುತ್ತೀರಿ. ತಾನಾಗಿ ಹುಡುಕಿಕೊಂಡು ಬಂದ ಪಾಠ ಅದು.

ಆದ್ದರಿಂದ ಕಾಲು ದುರ್ಬಲ ಇರುವ ಮಗುವಿಗೆ ಆ ಅವಕಾಶವನ್ನು ನಾವು ಕೊಂಡೊಯ್ದು ಕೊಡಬೇಕು. ಮೂಲೆಗೆ ದಿಂಬು ಒತ್ತಿ ಕೂರಿಸಿ, ಎದೆಯ ಎತ್ತರದಲ್ಲಿ ಮಣೆ ಇಟ್ಟು, ಅದರ ಮೇಲೆ ಎರಡೇ ವಸ್ತು ಇಟ್ಟು, ಯಾವುದು ಬೇಕೆಂದು ಕಣ್ಣಲ್ಲೇ ಆರಿಸಲು ಬಿಡಿ. ನಡೆದ ಮೇಲೆ ಮಾತು ಕಲಿಸೋಣ ಎಂದು ಕಾಯುವುದು ತಪ್ಪು.

ಕಿವಿ ಪರೀಕ್ಷೆ ಮರೆಯಬೇಡಿ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣಯಂತ್ರ ಅಥವಾ ಬೇರೆ ಉಪಚಾರ. ಸಮತೋಲನದ ಅಂಗವೂ ಒಳಕಿವಿಯಲ್ಲೇ ಇರುವುದರಿಂದ ಹುಟ್ಟು ಕಿವುಡು ಇರುವ ಕೆಲವು ಮಕ್ಕಳು ಕತ್ತು ನಿಲ್ಲುವುದೂ ನಡೆಯುವುದೂ ತಡ. ಅಂಥವರನ್ನು ಬರೀ ಕಾಲಿನ ತೊಂದರೆ ಎಂದು ತಿಂಗಳುಗಟ್ಟಲೆ ಫಿಸಿಯೋ ಮಾಡಿಸುವುದುಂಟು.

ಬಾಣಂತನ_ನೀರ್ಚಾಲು

ಬಾಣಂತಿ ಮತ್ತು ಮಗುವಿನ ಆರೈಕೆಗೆ ಮನೆ ಮನೆಗೆ ಹೋಗುವವಳು ನಾನು. ಎಣ್ಣೆ ಹಚ್ಚಿ ಕಾಲಿನ ಮೇಲೆ ಮಲಗಿಸಿ ಮೀಯಿಸುವುದು, ಅಡಿಕೆ ಹಾಳೆಯಲ್ಲಿ ಮಲಗಿಸುವುದು, ಸೀರೆಯ ಜೋಲಿ, ಇವೆಲ್ಲ ನಮ್ಮಲ್ಲಿ ಮೊದಲಿಂದಲೂ ಉಂಟು. ಇದರಲ್ಲಿ ಯಾವುದನ್ನು ಬಿಡಬೇಕು ಎಂದು ಸ್ಪಷ್ಟ ಹೇಳಿ, ನಾವು ಬಿಡ್ತೇವೆ.

ಮಕ್ಕಳ_ಫಿಸಿಯೋ_ಕಾಞಂಗಾಡು

ಅಕ್ಕ, ಹೆಚ್ಚಿನದ್ದನ್ನು ಬಿಡುವುದು ಬೇಡ. ನೀವು ಎರಡೂ ಕಾಲು ಚಾಚಿ ಕೂತು ಮಗುವನ್ನು ಕಾಲಿನ ಮೇಲೆ ಬೋರಲು ಹಾಕಿ ಬೆನ್ನಿಗೆ ಎಣ್ಣೆ ಹಚ್ಚುತ್ತೀರಲ್ಲ, ಅದೇ ನಾವು ಹೇಳಿಕೊಡುವ ಬೋರಲು ಅಭ್ಯಾಸ. ಮಗು ತಲೆ ಎತ್ತಿ ಆಚೆ ಈಚೆ ನೋಡುವುದು ಅಲ್ಲೇ ಶುರು. ಬಿಡಬೇಕಾದದ್ದು ಮೂರು. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು: ಮೂಗಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಕಾಲು ಹಿಡಿದು ತಲೆಕೆಳಗೆ ಮಾಡುವುದು, ಕೈಕಾಲು ಅಡ್ಡ ಹಾಕಿ ಜೋರಾಗಿ ಎಳೆಯುವುದು: ಎಳೆಯ ಕೀಲು ಜಾರುತ್ತದೆ. ಎರಡು ಕಾಲನ್ನೂ ನೇರ ಮಾಡಿ ಬಟ್ಟೆಯಲ್ಲಿ ಬಿಗಿದು ಸುತ್ತುವುದು: ಸೊಂಟದ ಕೀಲು ಗುಣಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಸುತ್ತುವುದಾದರೆ ಎದೆಯವರೆಗೆ ಸುತ್ತಿ, ಕಾಲು ಮಡಚಿ ಅಗಲಿಸಲು ಜಾಗ ಬಿಡಿ.

ಜೋಲಿಯಲ್ಲಿ ಬೆನ್ನು ಬಾಗಿ ಮೈ ಸುತ್ತಿಕೊಳ್ಳುತ್ತದೆ, ಅಲ್ಲಿ ಕೈಕಾಲು ಆಡಿಸಲು ಜಾಗವಿಲ್ಲ. ಎಚ್ಚರ ಇರುವಾಗ ಚಾಪೆಯ ಮೇಲೆ ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಇನ್ನೂ ನಡೆದಾಡದ ಶಿಶುವಿಗೆ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಆಟ, ಎಚ್ಚರ ಇರುವಾಗ ಕಟ್ಟಿದ ಹಾಗೆ ಕೂರಿಸಿ ಇಡುವುದು ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚಿಲ್ಲ, ಒಂದು ವರ್ಷದೊಳಗೆ ಮೊಬೈಲು ಟಿವಿ ಬೇಡವೇ ಬೇಡ.

ಮೂವತ್ತು ನಿಮಿಷ ಒಟ್ಟಿಗೆ ಯಾವ ಮಗುವೂ ಮಾಡುವುದಿಲ್ಲ. ಮೊದಲ ವಾರಗಳಲ್ಲಿ ತಾಯಿಯ ಎದೆಯ ಮೇಲೆ ಎರಡು ನಿಮಿಷ, ಆಮೇಲೆ ಚಾಪೆಯಲ್ಲಿ ಮೂರರಿಂದ ಐದು ನಿಮಿಷ, ದಿನಕ್ಕೆ ಐದಾರು ಸಲ. ಹಾಲು ಕುಡಿದ ಅರ್ಧ ಗಂಟೆಯ ಮೇಲೆ. ಅತ್ತರೆ ಟವೆಲು ಸುತ್ತಿ ಎದೆಯ ಕೆಳಗೆ, ಕಂಕುಳಿನ ಮಟ್ಟಕ್ಕೆ ಇಡಿ, ಮೊಣಕೈ ಭುಜಕ್ಕಿಂತ ತುಸು ಮುಂದೆ ಬರಲಿ. ಸುರುಳಿ ಹೊಟ್ಟೆಯ ಕೆಳಗೆ ಜಾರಿದರೆ ಮಗುವಿನ ತಲೆ ಮುಂದಕ್ಕೆ ಕುಸಿದು ಇನ್ನೂ ಅಳುತ್ತದೆ, ಅಮ್ಮ "ಇದಕ್ಕೆ ಬೋರಲು ಆಗುವುದಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಮೆತ್ತಗಿನ ಹಾಸಿಗೆಯಲ್ಲಿ ಬೇಡ. ಯಾರಾದರೂ ಹತ್ತಿರ ಇರಲೇಬೇಕು. ನಿದ್ದೆಗೆ ಯಾವಾಗಲೂ ಅಂಗಾತವೇ, ಅದರಲ್ಲಿ ರಾಜಿ ಇಲ್ಲ.

ಆಶಾ_ಪೈವಳಿಕೆ

ವಾಕರ್ ಬಗ್ಗೆಯೂ ಹೇಳಿಬಿಡಿ. ಗಲ್ಫಿನಿಂದ ಮಾವ ತಂದದ್ದು ಅಂದರೆ ಬೇಡ ಎನ್ನಲು ಮನೆಯಲ್ಲಿ ಆಗುವುದಿಲ್ಲ.

ಶಿಶುವೈದ್ಯ_ಕುಂಬಳೆ

ವಾಕರಿನಲ್ಲಿ ಮಗು ತನ್ನ ಪಾದ ನೋಡುವುದಿಲ್ಲ, ತುದಿಗಾಲಲ್ಲಿ ತಳ್ಳುತ್ತದೆ, ಸಮತೋಲನ ತಪ್ಪಿದಾಗ ಸರಿಪಡಿಸುವ ಕೆಲಸವನ್ನು ಪ್ಲಾಸ್ಟಿಕ್ ಮಾಡುತ್ತದೆ. ನಡೆಯಲು ಕಲಿಯುವುದೆಂದರೆ ಬಿದ್ದು ಏಳುವುದು. ನ್ಯೂಯಾರ್ಕಿನ ಪ್ರಯೋಗಾಲಯದಲ್ಲಿ 12ರಿಂದ 19 ತಿಂಗಳ ಮಕ್ಕಳು ತಾವಾಗಿ ಆಡುವಾಗ ಎಣಿಸಿದರು, ವರದಿ ಬಂದದ್ದು 2012ರಲ್ಲಿ: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಬೀಳುವಿಕೆ. ಆ ಅಭ್ಯಾಸವನ್ನು ವಾಕರ್ ಕಸಿದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಜಗಲಿಯಿಂದ ಅಂಗಳಕ್ಕೆ ಮೆಟ್ಟಿಲು, ನುಣುಪು ಟೈಲ್ಸು, ಒಲೆಯ ಹತ್ತಿರದ ಬಿಸಿನೀರು. ಅಪಘಾತಗಳ ಕಾರಣಕ್ಕೇ ಕೆನಡಾ 2004ರಲ್ಲಿ ವಾಕರನ್ನು ನಿಷೇಧಿಸಿತು. ಮಾವನಿಗೆ ಬೇಸರ ಆಗಬಾರದೆಂದರೆ ಚಕ್ರ ತೆಗೆಸಿ ಅದನ್ನು ಊಟದ ಕುರ್ಚಿ ಮಾಡಿ, ಹದಿನೈದು ನಿಮಿಷಕ್ಕೆ ಮಿತಿ. ಬರಿಗಾಲಲ್ಲಿ ಬೆಂಚು ಹಿಡಿದು ನಡೆಯಲಿ.

ಟೀಚರ್_ಬದಿಯಡ್ಕ

ನಮ್ಮ ಬದಿಯಲ್ಲಿ ಇನ್ನೊಂದು ಉಂಟು, ಹೇಳದೆ ಬಿಡಲಿಕ್ಕಾಗುವುದಿಲ್ಲ. ಮಗು ತಡವಾದ ಕೂಡಲೇ "ಎಂಡೋಸಲ್ಫಾನ್ ಇರಬೇಕು" ಎಂದು ಆ ಕೀಟನಾಶಕದ ಮೇಲೆ ಹಾಕಿ ಮನೆಯವರೇ ತೀರ್ಮಾನ ಮಾಡಿ ಕೈಚೆಲ್ಲುತ್ತಾರೆ. ಅದಾದ ಮೇಲೆ ಪರೀಕ್ಷೆಗೂ ಹೋಗುವುದಿಲ್ಲ.

ಶಿಶುವೈದ್ಯ_ಕುಂಬಳೆ

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯವರ ಆ ಭಯ ಸುಮ್ಮನೆ ಬಂದದ್ದಲ್ಲ. ಸರಕಾರಿ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದರು, ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟು 2011ರಲ್ಲಿ ದೇಶಕ್ಕೇ ತಡೆ ಹಾಕಿತು. ಆ ನೋವಿಗೆ ಗೌರವ ಇಟ್ಟೇ ಹೇಳ್ತೇನೆ: ಕಾರಣವನ್ನು ಮೊದಲೇ ತೀರ್ಮಾನಿಸಿದರೆ ಚಿಕಿತ್ಸೆ ಇರುವ ಕಾರಣ ತಪ್ಪಿ ಹೋಗುತ್ತದೆ. ಥೈರಾಯ್ಡ್ ಕಡಿಮೆ ಇದ್ದು ಮಗು ಸಡಿಲ ಆಗಿದ್ದರೆ ದಿನಕ್ಕೊಂದು ಸಣ್ಣ ಮಾತ್ರೆ ಸಾಕು, ಆದರೆ ಮೊದಲ ವಾರಗಳಲ್ಲೇ ಶುರು ಮಾಡಬೇಕು, ತಡವಾದಷ್ಟೂ ಮಿದುಳಿಗೆ ಆದ ನಷ್ಟ ತುಂಬುವುದಿಲ್ಲ. ರಕ್ತಹೀನತೆ ಇದ್ದರೆ ಮಗು ಆಟವನ್ನೇ ಕಡಿಮೆ ಮಾಡುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ದಿನ 1 ಮಿಲಿ ಕಬ್ಬಿಣದ ಸಿರಪ್, ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ. ಹಾಲಿನ ಜೊತೆ ಕೊಡಬೇಡಿ. ವಿಟಮಿನ್ ಡಿ ಮೊದಲ ವರ್ಷ ದಿನಕ್ಕೆ 400 ಯೂನಿಟ್. ಸೊಂಟದ ಕೀಲು ಜಾರಿದ್ದರೆ ಮೊದಲ ಆರು ತಿಂಗಳಲ್ಲಿ ಬೆಲ್ಟಿನಿಂದಲೇ ಹೆಚ್ಚಾಗಿ ಸರಿಯಾಗುತ್ತದೆ, ನಡೆಯುವ ವಯಸ್ಸಿನಲ್ಲಿ ಗೊತ್ತಾದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಗಂಡು ಮಗು 18 ತಿಂಗಳಾದರೂ ನಡೆಯದಿದ್ದರೆ ರಕ್ತದಲ್ಲಿ ಸಿಪಿಕೆ ಎಂಬ ಸ್ನಾಯುವಿನ ಕಿಣ್ವದ ಮಟ್ಟ ನೋಡಿಸಿ. ಸ್ನಾಯು ಕ್ಷಯದ ಕಾಯಿಲೆ ಇದ್ದರೆ ಅದು ಹಲವು ಪಟ್ಟು ಏರಿರುತ್ತದೆ. ಸ್ವಲ್ಪ ದೊಡ್ಡವನಾದ ಮೇಲೆ ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ಕೈ ಊರಿ ಏರುವುದು ಅದರ ಗುರುತು. ಬಂದ ಕೌಶಲ ಬಿಟ್ಟು ಹೋದರೆ, ಯಾವ ವಯಸ್ಸಾದರೂ, ಆ ವಾರವೇ ಹೋಗಬೇಕು.

ಟೀಚರ್_ಬದಿಯಡ್ಕ

ಅಂಗನವಾಡಿಯಲ್ಲಿ ನಾನೇ ಐದು ನಿಮಿಷದಲ್ಲಿ ನೋಡುವ ಹಾಗೆ ಏನು ಉಂಟು?

ಮಾತು_ಕಿವಿ_ಮಂಜೇಶ್ವರ

ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದವರು ಮಾಡಿದ ಚಾರ್ಟು, ಟಿಡಿಎಸ್‌ಸಿ ಅಂತ ಹೇಳ್ತಾರೆ. ಎರಡು ವರ್ಷದವರೆಗೆ 17 ಅಂಶ. ನಗುವುದು, ಕತ್ತು ನಿಲ್ಲುವುದು, ಕವುಚಿ ಬೀಳುವುದು, ಕೈಯಿಂದ ಕೈಗೆ ದಾಟಿಸುವುದು, ಸಣ್ಣ ಕಾಳನ್ನು ಬೆರಳ ತುದಿಯಲ್ಲಿ ಹೆಕ್ಕುವುದು, ಒಬ್ಬನೇ ನಡೆಯುವುದು, ಎರಡು ಶಬ್ದ ಹೇಳುವುದು, ಹಿಂದಕ್ಕೆ ನಡೆಯುವುದು ಹೀಗೆ. ಪ್ರತಿ ಅಂಶಕ್ಕೂ ಒಂದು ಅಡ್ಡಪಟ್ಟಿ. ಮಗುವಿನ ವಯಸ್ಸಿನ ಜಾಗದಲ್ಲಿ ಪೆನ್ನನ್ನು ನೇರ ನಿಲ್ಲಿಸಿ ಇಡಿ. ಪೆನ್ನಿನ ಎಡಕ್ಕೆ ಪೂರ್ತಿ ಮುಗಿದ ಪಟ್ಟಿಗಳ ಕೆಲಸ ಎಲ್ಲ ಮಗುವಿಗೆ ಬರಬೇಕು, ಒಂದು ಬಾರದಿದ್ದರೂ ಕಳಿಸಬೇಕು. ಕೆಲಸವನ್ನು ಮಗು ನಿಮ್ಮ ಎದುರು ಮಾಡಲಿ. "ಮನೆಯಲ್ಲಿ ಮಾಡ್ತದೆ" ಎಂದಷ್ಟಕ್ಕೆ ಟಿಕ್ ಹಾಕಬೇಡಿ. ನಿದ್ದೆಯ ಹೊತ್ತು, ಹಸಿದ ಹೊತ್ತು ಬೇಡ. ಕಾಳಿನ ಪರೀಕ್ಷೆಗೆ ಮಂಡಕ್ಕಿ ಇಡಿ, ಬಾಯಿಗೆ ಹೋದರೂ ಕಡಲೆಯ ಹಾಗೆ ಉಸಿರಿಗೆ ಸಿಕ್ಕುವ ಭಯ ಕಡಿಮೆ. ಆದರೂ ಕಣ್ಣು ತೆಗೆಯಬೇಡಿ.

ಬೆಳವಣಿಗೆ_ಓದು

ಕಳಿಸುವುದಕ್ಕೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಉಂಟು, ಜಿಲ್ಲೆಯ ಡಿಇಐಸಿಯಲ್ಲಿ (ಮಕ್ಕಳ ತೊಂದರೆಗೆ ಬೇಗನೆ ಚಿಕಿತ್ಸೆ ಕೊಡುವ ಸರಕಾರಿ ಕೇಂದ್ರ) ಫಿಸಿಯೋ, ಮಾತು, ಕಿವಿ ಎಲ್ಲ ಒಂದೇ ಕಡೆ ನೋಡಬೇಕೆಂಬುದು ಅದರ ನಿಯಮ, ಮನೆಯವರು ಹಣ ಕೊಡಬೇಕಾಗಿಲ್ಲ. ನಮ್ಮ ಕಡೆಯ ತೊಂದರೆ ಬೇರೆ: ಹೆರಿಗೆ ಮಂಗಳೂರಿನಲ್ಲಿ, ಚುಚ್ಚುಮದ್ದು ಇಲ್ಲಿ, ಸ್ಕ್ಯಾನು ಮತ್ತೆ ಮಂಗಳೂರಿನಲ್ಲಿ. ಕಾಗದ ಎರಡು ರಾಜ್ಯದಲ್ಲಿ ಚೆಲ್ಲಿರ್ತದೆ. ಡಿಸ್ಚಾರ್ಜ್ ಕಾಗದದಲ್ಲಿ ಹುಟ್ಟಿದ ವಾರ, ತೂಕ, ಅತ್ತ ಸಮಯ, ಕಾಮಾಲೆಯ ಗರಿಷ್ಠ ಅಂಕಿ ಈ ನಾಲ್ಕೂ ಇದೆಯಾ ನೋಡಿ, ಫೋಟೋ ತೆಗೆದು ತಾಯಿಯ ಫೋನಲ್ಲಿ ಇಡಿಸಿ.

ಆಶಾ_ಪೈವಳಿಕೆ

ಭಾಷೆಯಲ್ಲೂ ಹೆಚ್ಚುಕಮ್ಮಿ ಆಗ್ತದೆ ಮೇಡಂ. ಅಲ್ಲಿ "ಕಮಿಳ್‌ನ್ನು ವೀಳುಮೋ" ಎಂದು ಕೇಳ್ತಾರೆ, ಕವುಚಿ ಬೀಳ್ತದಾ ಅಂತ ಅರ್ಥ. "ವೀಳು" ಮಾತ್ರ ಕಿವಿಗೆ ಬಿದ್ದ ತಾಯಿ, ಮಗು ಮಂಚದಿಂದ ಬಿದ್ದಿದೆಯಾ ಎಂದು ತಿಳಿದು "ಇಲ್ಲ ಇಲ್ಲ" ಅಂತಾಳೆ. ಅದು ಕಾರ್ಡಿಗೆ ಹೋಗ್ತದೆ.

ಮಕ್ಕಳ_ಫಿಸಿಯೋ_ಕಾಞಂಗಾಡು

ಇದು ನಿಜವಾಗಿ ಆಗುವ ತಪ್ಪು. ಇನ್ನು ಕೆಲವು ಬರೆದಿಡಿ: "ಕಳುತ್ತು ಉರಚ್ಚೋ" ಎಂದರೆ ಕತ್ತು ನಿಂತಿದೆಯಾ. "ಮುಟ್ಟಿಲಿಳಯುಮೋ" ಎಂದರೆ ಅಂಬೆಗಾಲು, ಬರೀ "ಇಳಯುಮೋ" ಎಂದರೆ ಹೊಟ್ಟೆಯಲ್ಲಿ ತೆವಳುವುದೂ ಆಗಬಹುದು. ಅಲ್ಲಿ ತಾಯಿ ಕೈ ತೋರಿಸಿ ಹೇಳಲಿ, ಇಲ್ಲ ವಿಡಿಯೋ ತೋರಿಸಲಿ. ನಾವೂ ವಿಡಿಯೋವನ್ನೇ ಹೆಚ್ಚು ನಂಬುತ್ತೇವೆ.

ಟೀಚರ್_ಬದಿಯಡ್ಕ

ಹಾಗಾದರೆ ಈ ಶಬ್ದಗಳನ್ನೂ ಚಾರ್ಟಿನ 17 ಅಂಶಗಳನ್ನೂ ಒಂದೇ ಹಾಳೆಯಲ್ಲಿ ಎರಡು ಸಾಲಾಗಿ, ಎಡಕ್ಕೆ ಮಲಯಾಳದ ಮಾತು ಕನ್ನಡ ಲಿಪಿಯಲ್ಲಿ, ಬಲಕ್ಕೆ ನಮ್ಮ ಮಾತು, ಹೀಗೆ ಬರೆದು ನಾಡಿದ್ದು ಇಲ್ಲೇ ಹಾಕ್ತೇನೆ. ಫಿಸಿಯೋ ಮೇಡಂ, ಹಾಕಿದ ಮೇಲೆ ಒಮ್ಮೆ ತಿದ್ದಿ ಕೊಡಿ. ಆಶಾ ಅಕ್ಕ, ಹತ್ತು ಮತ್ತು ಹದಿನಾಲ್ಕು ವಾರದ ಮಕ್ಕಳ ಪಟ್ಟಿಯಲ್ಲಿ ಎನ್‌ಐಸಿಯುವಿನಲ್ಲಿ ಇದ್ದವರ ಹೆಸರಿನ ಮುಂದೆ ಗುರುತು ಹಾಕಿಡಿ, ಮುಂದಿನ ಚುಚ್ಚುಮದ್ದಿಗೆ ಮೊದಲು ಅವರ ಮನೆಗೆ ಹೋಗೋಣ.